ಕೊಂದವನ ಕೈಗೆ ರಾಖಿ ಕಟ್ಟಿದ ತಂಗಿ!

ಬಸ್ಸಿನಲ್ಲಿ ಕೂತು ಈ ಪತ್ರಿಕೆ ಬಿಡಿಸಿರುವ ಓದುಗರೇ, ಇದೂ ಒಂದು ಬಸ್ಸಿನದೇ ಕಥೆ.

1995ರ ಫೆಬ್ರವರಿ 25. ಮಧ್ಯಪ್ರದೇಶದ ಉದಯನಗರದಿಂದ ಇಂದೋರಿಗೆ ಹೊರಟಿದ್ದ ಬಸ್ಸು. ಅದರಲ್ಲಿ ಕೇರಳದ ಪುಲ್ಲುವಳಿಯ ಸಿಸ್ಟರ್ ರಾಣಿ ಮಾರಿಯಾ, ವಯಸ್ಸು 41. ಸಮಂದರ್ ಸಿಂಗ್ ಎಂಬವನು ಚೂರಿ ತೆಗೆದು ಇರಿದ. ಒಂದೆರಡಲ್ಲ, ಮೈಮೇಲೆ 54 ಗಾಯ! ಇಷ್ಟು ಜನ ಇದ್ದರೂ ತಡೆಯಲು ಯಾರೂ ಮುಂದೆ ಬರಲಿಲ್ಲ.

ಆಕೆ ಮಾಡಿದ ತಪ್ಪಾದರೂ ಏನು? ಆದಿವಾಸಿಗಳಿಗೆ ಬ್ಯಾಂಕ್ ಸಾಲದ ದಾರಿ ತೋರಿಸಿ ಬಡ್ಡಿ ವ್ಯವಹಾರದವರ ಹೊಟ್ಟೆಗೆ ಹೊಡೆದದ್ದು. ಕತ್ತಿ ಹಿಡಿದವನು ಇವನು, ಹಿಡಿಸಿದವರು ಊರಿನ ದುಡ್ಡಿದ್ದವರು. ಜೈಲಿಗೆ ಹೋದ ಮೇಲೆ ಅವರು ಇವನ ಕಡೆ ತಿರುಗಿಯೂ ನೋಡಲಿಲ್ಲ. ಹೊರಗೆ ಬಂದ ದಿನ ಅವರನ್ನೂ ಮುಗಿಸಿಬಿಡುತ್ತೇನೆ ಅಂತ ಇವನು ಹಲ್ಲು ಕಡಿಯುತ್ತಾ ಕೂತಿದ್ದ.

ಅಲ್ಲಿಗೆ ಬಂದವರು ಸ್ವಾಮಿ ಸದಾನಂದ. ಕಾವಿ ಉಟ್ಟ ಕ್ರೈಸ್ತ ಪಾದ್ರಿ! ಸತ್ತವಳ ಮನೆಯವರು ನಿನ್ನನ್ನು ಕ್ಷಮಿಸಿದ್ದಾರೆ ಎಂದು ಅವರು ಹೇಳಿದರೆ ಯಾವ ಕೊಲೆಗಾರ ತಾನೇ ನಂಬುತ್ತಾನೆ? ನಂಬುವ ತನಕ ಪಾದ್ರಿ ಬಿಡಲಿಲ್ಲ. 2002ರ ರಕ್ಷಾಬಂಧನದಂದು ರಾಣಿ ಮಾರಿಯಾ ಅವರ ತಂಗಿ, ಅವರೂ ಸಿಸ್ಟರೇ, ಸೆಲ್ಮಿ ಪೌಲ್ ಜೈಲಿಗೆ ಹೋಗಿ ಅದೇ ಕೈಗೆ ರಾಖಿ ಕಟ್ಟಿದರು. ನಮಗೋ, ಅಂಗಡಿ ಮುಂದೆ ಸೈಕಲ್ ನಿಲ್ಲಿಸಿದವನನ್ನೇ ಮೂರು ದಿನ ಮಾತಾಡಿಸಲು ಮನಸ್ಸು ಬರುವುದಿಲ್ಲ.

ಕ್ರೈಸ್ತರಲ್ಲಿ ಇದರ ಲೆಕ್ಕ ಸ್ವಲ್ಪ ಬೇರೆ. ಬೈಬಲಿನ ಮತ್ತಾಯನ ಪುಸ್ತಕದಲ್ಲಿ ಪಾಪವೆಂದರೆ ಸಾಲ. ಅಂಗಡಿಯವರಿಗೆ ಉದ್ರಿ ಪುಸ್ತಕ ಅಂದರೆ ಬೇಗ ತಿಳಿದೀತು. ತೀರಿಸಲಾಗದಷ್ಟು ಸಾಲವನ್ನು ಧಣಿಯಿಂದ ಮನ್ನಾ ಮಾಡಿಸಿಕೊಂಡ ಆಳು, ತನಗೆ ಚಿಲ್ಲರೆ ಬಾಕಿ ಇದ್ದವನ ಕುತ್ತಿಗೆ ಹಿಸುಕಿದ ಕಥೆ ಅಲ್ಲಿದೆ. ಧಣಿ ಮನ್ನಾವನ್ನೇ ವಾಪಸ್ ಪಡೆದ! ದೇವರ ಹತ್ತಿರ ಕ್ಷಮೆ ಬೇಡುವವನು ಮೊದಲು ತನ್ನ ಪುಸ್ತಕದ ಬಾಕಿ ಹೊಡೆದು ಹಾಕಬೇಕು. ಎಷ್ಟು ಸಲ ಎಂದು ಶಿಷ್ಯ ಪೇತ್ರ ಕೇಳಿದ್ದಕ್ಕೆ ಯೇಸು ಕೊಟ್ಟ ಉತ್ತರ ಏಳೆಪ್ಪತ್ತು ಸಲ, ಅಂದರೆ 490. ಅಷ್ಟು ಎಣಿಸುವವನು ಯಾರು ಸ್ವಾಮಿ?

ಹಾಗಂತ ಕಾನೂನು ಬಿಟ್ಟುಬಿಡಲಿಲ್ಲ. ಸುಮಾರು 11 ವರ್ಷ ಒಳಗೇ ಇದ್ದ. ಬಿಡುಗಡೆಯ ಅರ್ಜಿಗೆ ಮನೆಯವರೇ ಸಹಿ ಹಾಕಿದರು, 2006ರಲ್ಲಿ ಹೊರಬಂದ. ಮರುವರ್ಷ ಪುಲ್ಲುವಳಿಗೆ ಹೋದ. ಮಗಳನ್ನು ಕೊಂದ ಆ ಕೈಗಳಿಗೆ ಮುದುಕಿ ತಾಯಿ ಮುತ್ತಿಟ್ಟರು. ಆ ಹೊತ್ತು ಅವನಿಗೆ ಹೇಗಾಗಿರಬೇಡ! ಹನ್ನೊಂದು ವರ್ಷದ ಜೈಲಿಗಿಂತ ಅದೇ ಭಾರವಾಗಿರಬೇಕು ಅನ್ನಿಸುತ್ತದೆ.

ಚೂರಿ ಹಿಡಿಸಲು ಹೊರಟಿದ್ದ ಸೇಡು ಅಲ್ಲಿಗೆ ಮುಗಿಯಿತು. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮಾರಿಯಾ ಅವರಿಗೆ ಕಥೋಲಿಕ ಸಭೆ ಪುನೀತೆ ಪದವಿ ಕೊಟ್ಟಿತು. ಆ ಜನಜಂಗುಳಿಯಲ್ಲಿ ಸಮಂದರ್ ಸಿಂಗನೂ ಇದ್ದ.