ಕುದುರೆಯ ಹರ್ಪಿಸ್ ವೈರಸ್ಸೂ ದೇಹದ ಸಹಜ ರಕ್ಷಣೆಯೂ

ಕುದುರೆಯ ಗರ್ಭಾವಧಿ ಸುಮಾರು 11 ತಿಂಗಳು. ಅದರ ಕೊನೆಯ ಭಾಗದಲ್ಲಿ, ಆರೋಗ್ಯವಾಗಿಯೇ ಕಾಣುವ ತಾಯಿಯು ಯಾವ ಪೂರ್ವಸೂಚನೆಯೂ ಇಲ್ಲದೆ ಸತ್ತ ಮರಿಯನ್ನು ಹೊರಹಾಕುವುದುಂಟು. ನಮ್ಮ ರೈತರು ದನಗಳಲ್ಲಿ ಇಂಥದನ್ನು ‘ಕಂದು ಹಾಕುವುದು’ ಎನ್ನುತ್ತಾರೆ. ಸಾಕಿದವನಿಗೆ ಅಲ್ಲಿಗೆ ಒಂದು ವರ್ಷದ ಶ್ರಮವೆಲ್ಲ ವ್ಯರ್ಥ. ಇದಕ್ಕೆ ಒಂದು ವೈರಸ್ಸು ಕಾರಣವೆಂಬುದನ್ನು 1930ರ ದಶಕದಲ್ಲಿ ಅಮೆರಿಕದ ಕೆಂಟಕಿಯಲ್ಲಿ ಡಿಮಾಕ್ ಮತ್ತು ಎಡ್ವರ್ಡ್ಸ್ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟರು. ಅದನ್ನು ಈಗ ಅಶ್ವ ಹರ್ಪಿಸ್ ವೈರಸ್ 1 ಎಂದು ಕರೆಯುತ್ತೇವೆ. ಇದರ ಸಮೀಪ ಬಂಧುವಾದ 4ನೆಯ ಬಗೆಯನ್ನು ಬಹುಕಾಲ ಇದರಿಂದ ಬೇರೆಯೆಂದು ಎಣಿಸಿರಲಿಲ್ಲ. ಆದರೆ ಅದು ಸಾಮಾನ್ಯವಾಗಿ ಮೂಗು ಗಂಟಲುಗಳ ನೆಗಡಿಯಲ್ಲಿಯೇ ನಿಲ್ಲುತ್ತದೆ. ಮೊದಲನೆಯದು ಗರ್ಭಕೋಶವನ್ನೂ ಬೆನ್ನುಹುರಿಯನ್ನೂ ಮುಟ್ಟುತ್ತದೆ. ಇಷ್ಟು ದೂರ ಅದು ಹೇಗೆ ಸಾಗುತ್ತದೆ ಎಂಬುದೇ ಪ್ರಕೃತ ಲೇಖನದ ವಿಷಯ.

ಜಾವಗಲ್ಲು ಹಳೇಬೀಡುಗಳ ಸೀಮೆಯಲ್ಲಿ ಕುದುರೆ ಇಂದು ಹೆಚ್ಚಾಗಿ ಹೊಯ್ಸಳರ ಶಿಲ್ಪದಲ್ಲಿ ಕಾಣಸಿಗುವ ಪ್ರಾಣಿ. ನಮ್ಮ ನಾಡಿನಲ್ಲಿ ಅಶ್ವಪಾಲನೆಗೆ ಟಿಪ್ಪುವಿನ ಕಾಲದಿಂದ ಹೆಸರಾದ ಸ್ಥಳ ತುಮಕೂರು ಜಿಲ್ಲೆಯ ಕುಣಿಗಲ್. ಆದರೂ ಈ ವಿಷಯವು ಜಾವಗಲ್ಲಿನ ರೈತನಿಗೆ ಹೊರತಾದುದಲ್ಲವೆಂಬುದನ್ನು ಮುಂದೆ ಕಾಣುವೆವು.

ದೇಹದ ರಕ್ಷಣೆ ಎರಡು ಬಗೆಯದು. ಒಂದು, ರೋಗವನ್ನು ಒಮ್ಮೆ ಎದುರಿಸಿ ಕಲಿತುಕೊಂಡದ್ದು. ಇದು ಸಿದ್ಧವಾಗಲು ದಿನಗಳು ಬೇಕು. ಇನ್ನೊಂದು, ಹುಟ್ಟಿನಿಂದಲೇ ಇರುವ ಸಹಜ ರಕ್ಷಣೆ. ಇದು ಗಂಟೆಗಳೊಳಗಾಗಿ ಕಾರ್ಯಪ್ರವೃತ್ತವಾಗುತ್ತದೆ. ಇದರ ಮೊದಲ ಕೋಟೆ ಶ್ವಾಸಮಾರ್ಗದ ಲೋಳೆ ಮತ್ತು ಅದರಡಿಯಲ್ಲಿ ಒತ್ತಾಗಿ ಹೆಣೆದುಕೊಂಡ ಜೀವಕೋಶಗಳ ಪದರ. ಈ ಹೆಣಿಗೆ ಬಿಗಿಯಾಗಿರುವವರೆಗೆ ವೈರಸ್ಸಿಗೆ ಪ್ರವೇಶ ಕಷ್ಟ. ಹೂವಿನ ಪರಾಗದಲ್ಲಿರುವ ಕಿಣ್ವಗಳು ಈ ಹೆಣಿಗೆಯನ್ನು ಸಡಿಲಿಸಿ ಸೋಂಕಿಗೆ ದಾರಿಮಾಡುತ್ತವೆಂದು ಬೆಲ್ಜಿಯಮ್ಮಿನ ಘೆಂಟ್ ವಿಶ್ವವಿದ್ಯಾನಿಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದರು.

ಎರಡನೆಯ ರಕ್ಷಣೆ ಇಂಟರ್ಫೆರಾನ್. 1957ರಲ್ಲಿ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಇದನ್ನು ಕಂಡುಹಿಡಿದರು. ಸೋಂಕು ತಗುಲಿದ ಜೀವಕೋಶವು ಈ ವಸ್ತುವನ್ನು ಸ್ರವಿಸಿ ನೆರೆಯ ಕೋಶಗಳನ್ನು ಎಚ್ಚರಿಸುತ್ತದೆ. ಎಚ್ಚೆತ್ತ ಕೋಶದಲ್ಲಿ ವೈರಸ್ಸು ಸುಲಭವಾಗಿ ವೃದ್ಧಿಯಾಗಲಾರದು. ಕುದುರೆಯ ರಕ್ತನಾಳಗಳ ಒಳಪದರದ ಕೋಶಗಳಲ್ಲಿ ನಡೆಸಿದ ಪ್ರಯೋಗಗಳಲ್ಲಿ, ಮೊದಲ ಕೆಲವು ಗಂಟೆಗಳ ಕಾಲ ಇಂಟರ್ಫೆರಾನ್ ಏರುವುದೂ ಅನಂತರ ವೈರಸ್ಸು ಅದನ್ನು ಅಡಗಿಸುವುದೂ ಕಂಡುಬಂದಿದೆ. ಕೂಗು ಎದ್ದಿತು, ಆದರೆ ಊರು ಏಳುವ ಮೊದಲೇ ಕೂಗಿದವನ ಬಾಯಿ ಮುಚ್ಚಿತು.

ಮೂರನೆಯದು ಬಿಳಿಯ ರಕ್ತಕಣಗಳ ಆಗಮನ. ಇವನ್ನು ಸೋಂಕಿನ ಸ್ಥಳಕ್ಕೆ ಕರೆತರುವ ರಾಸಾಯನಿಕ ಸಂಕೇತಗಳಿಗೆ ವೈರಸ್ಸಿನ ಒಂದು ಪ್ರೋಟೀನು ಅಂಟಿಕೊಂಡು ಅವನ್ನು ನಿಷ್ಫಲಗೊಳಿಸುತ್ತದೆ. ಸೋಂಕಿತ ಕೋಶವು ತನ್ನ ಮೈಮೇಲೆ ತೋರಬೇಕಾದ ಗುರುತುಗಳನ್ನೂ ವೈರಸ್ಸು ಕಡಿಮೆಮಾಡುವುದರಿಂದ, ಕಲಿತ ರಕ್ಷಣೆಯ ಕೋಶಗಳಿಗೂ ಶತ್ರು ಸುಲಭವಾಗಿ ಕಾಣದು.

ಎಲ್ಲಕ್ಕಿಂತ ಗಮನಾರ್ಹವಾದುದು ಇದರ ಸಾಗಣೆಯ ವಿಧಾನ. ಕಾವಲಿಗೆ ಬಂದ ಬಿಳಿಯ ಕಣಗಳ ಒಳಗೇ ಸೇರಿಕೊಂಡು, ಅಲ್ಲಿ ಹೆಚ್ಚು ಸದ್ದುಮಾಡದೆ, ವೈರಸ್ಸು ರಕ್ತದೊಡನೆ ಸಂಚರಿಸುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ, ರಕ್ಷಕನೇ ವಾಹಕನಾಗುತ್ತಾನೆ. ರಕ್ತದಲ್ಲಿರುವ ಪ್ರತಿವಿಷಗಳು ಕಣದ ಒಳಗಿರುವ ವೈರಸ್ಸನ್ನು ಮುಟ್ಟಲಾರವು. ಗರ್ಭಕೋಶದ ರಕ್ತನಾಳಗಳಿಗೆ ತಗುಲಿದಾಗ ಗರ್ಭಪಾತ. ಬೆನ್ನುಹುರಿಯ ರಕ್ತನಾಳಗಳಿಗೆ ತಗುಲಿದಾಗ ಹಿಂಗಾಲುಗಳ ಬಲಹೀನತೆ. 2021ರಲ್ಲಿ ಸ್ಪೇನಿನ ವೆಲೆನ್ಸಿಯಾದ ಅಶ್ವಸ್ಪರ್ಧೆಯಲ್ಲಿ ಕಾಣಿಸಿಕೊಂಡ ಇಂಥ ರೋಗವು ಕುದುರೆಗಳು ಊರಿಗೆ ಮರಳಿದಾಗ ಯೂರೋಪಿನ ಹಲವು ದೇಶಗಳನ್ನು ಮುಟ್ಟಿತು.

ಗುಣವಾದ ಮೇಲೂ ವೈರಸ್ಸು ನರಗ್ರಂಥಿಗಳಲ್ಲಿಯೂ ಬಿಳಿಯ ಕಣಗಳಲ್ಲಿಯೂ ಅಡಗಿ, ದೂರ ಪ್ರಯಾಣ, ಹಾಲು ಬಿಡಿಸುವಿಕೆ ಮೊದಲಾದ ಬಳಲಿಕೆಯ ಸಮಯದಲ್ಲಿ ಮತ್ತೆ ತಲೆಯೆತ್ತಬಲ್ಲದು. ಆದುದರಿಂದ ಹೊರಗಿನಿಂದ ಯಾವ ಕುದುರೆಯೂ ಬಾರದ ಲಾಯದಲ್ಲಿಯೂ ರೋಗ ಹುಟ್ಟಬಹುದು.

ಇದರಿಂದ ಕೆಲವು ನಿಯಮಗಳು ತಾವಾಗಿಯೇ ಸಿದ್ಧವಾಗುತ್ತವೆ. ಗಬ್ಬದ ಕುದುರೆಗಳನ್ನು ಸಣ್ಣ ಗುಂಪುಗಳಲ್ಲಿ, ಹಾಲು ಬಿಟ್ಟ ಮರಿಗಳಿಂದ ದೂರ ಇಡಬೇಕು. ಹೊಸದಾಗಿ ಬಂದುದನ್ನು ಮೂರು ವಾರ ಬೇರೆಯಾಗಿ ಕಟ್ಟಬೇಕು. ಕಂದು ಹಾಕಿದಾಗ ಮರಿಯನ್ನೂ ಮಾಸನ್ನೂ ಬರಿಗೈಯಿಂದ ಎಳೆದಾಡದೆ, ಪರೀಕ್ಷೆಗೆ ಒಪ್ಪಿಸಿ, ನೆಲವನ್ನು ಸೋಂಕುನಾಶಕದಿಂದ ತೊಳೆಯಬೇಕು. ಕೊಬ್ಬಿನ ಹೊದಿಕೆಯುಳ್ಳ ಈ ವೈರಸ್ಸು ಸಾಮಾನ್ಯ ಸೋಂಕುನಾಶಕಗಳಿಗೆ ಸಾಯುತ್ತದೆ. ಗರ್ಭದ 5, 7 ಮತ್ತು 9ನೆಯ ತಿಂಗಳುಗಳಲ್ಲಿ ನಿರ್ಜೀವ ಲಸಿಕೆ ಕೊಡುವ ವಾಡಿಕೆಯಿದೆ. 1985ರಲ್ಲಿ ಹರಿಯಾಣದ ಹಿಸಾರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಅಶ್ವ ಸಂಶೋಧನ ಕೇಂದ್ರವು ದೇಶೀಯ ವೈರಸ್ಸಿನಿಂದಲೇ ಇಂಥ ಲಸಿಕೆಯನ್ನು ಸಿದ್ಧಪಡಿಸಿದೆ. ಲಸಿಕೆ ಅಪಾಯವನ್ನು ತಗ್ಗಿಸೀತೇ ಹೊರತು ಪೂರ್ತಿಯಾಗಿ ನೀಗಿಸದು. ಒಳಗೆ ಅವಿತು ಸಾಗುವ ಶತ್ರುವಿನ ರೀತಿಯನ್ನು ಬಲ್ಲವರಿಗೆ ಇದು ಆಶ್ಚರ್ಯವೆನಿಸದು.

ಇನ್ನು ಜಾವಗಲ್ಲಿನ ಮಾತು. ಅಲ್ಲಿನ ಕೊಟ್ಟಿಗೆಗಳಲ್ಲಿರುವುದು ದನ, ಎಮ್ಮೆ. ದನಗಳ ಹರ್ಪಿಸ್ ವೈರಸ್ 1 ಇದೇ ಕುಲದ್ದು. ಅದೂ ಮೂಗಿನಿಂದ ಹೊಕ್ಕು, ಗುರುತುಗಳನ್ನು ಮರೆಸಿ, ನರಗ್ರಂಥಿಯಲ್ಲಿ ಅಡಗಿ, ಹಸು ಕಂದು ಹಾಕುವಂತೆ ಮಾಡುತ್ತದೆ. ಸಂತೆಯಿಂದ ತಂದ ಹಸುವು ನೋಡಲು ಎಷ್ಟೇ ಚೆನ್ನಾಗಿರಲಿ, ಕೆಲವು ವಾರ ಅದನ್ನು ಗಬ್ಬದ ದನಗಳ ಜೊತೆ ಕಟ್ಟಬಾರದು. ದೇಹದ ಕಾವಲಿಗೆ ಶತ್ರುವನ್ನು ಗುರುತಿಸಲಾಗದ ಆ ಮೊದಲ ದಿನಗಳಲ್ಲಿ, ಸಾಕಿದವನು ಇಟ್ಟ ದೂರವೇ ಕಾವಲು.