ಪಾಲು ಕೇಳಿದವಳು ಜಗಳಗಂಟಿಯಲ್ಲ

'ಹಕ್ಕುದಾರ' ಎಂಬ ಪದವನ್ನು ನಾವು ಜಾಗದ ಕಾಗದಪತ್ರಗಳಲ್ಲಿ ಓದುತ್ತೇವೆ. ಇದರ ಬೇರು ಅರಬಿಯ 'ಹಕ್ಕ್'. 'ದಾರ' ಪಾರ್ಸಿಯಿಂದ ಬಂದದ್ದು, ಉಳ್ಳವನು ಎಂದರ್ಥ. ಅರಬಿಯಲ್ಲಿ ಹಕ್ಕ್ ಎಂದರೆ ಸತ್ಯವೂ ಹೌದು, ಸಲ್ಲಬೇಕಾದ ಪಾಲೂ ಹೌದು. ಹದೀಸ್‌ನಲ್ಲಿ ಹಕ್ಕುದಾರನಿಗೆ 'ಸಾಹಿಬುಲ್ ಹಕ್ಕ್' ಎನ್ನಲಾಗಿದೆ.

ಸಹೀಹುಲ್ ಬುಖಾರಿಯಲ್ಲಿ ಒಂದು ಘಟನೆ ಇದೆ. ಪ್ರವಾದಿ(ಸ)ಯವರಿಗೆ ಒಂಟೆ ಸಾಲ ಕೊಟ್ಟಿದ್ದವನೊಬ್ಬ ಬಂದು ಒರಟಾಗಿ ವಾಪಸ್ ಕೇಳಿದ. ಸಹಾಬಿಗಳು ಸಿಟ್ಟಾದರು. ಪ್ರವಾದಿ(ಸ) ಅವರನ್ನು ತಡೆದು, ಹಕ್ಕುದಾರನಿಗೆ ಮಾತನಾಡುವ ಅಧಿಕಾರವಿದೆ ಎಂದರು. ಕೊಟ್ಟದ್ದಕ್ಕಿಂತ ಒಳ್ಳೆಯ ಒಂಟೆಯನ್ನೇ ಅವನಿಗೆ ಕೊಡಿಸಿದರು.

ಹಾಗಂತ ಕೇಳಿದವರೆಲ್ಲ ಹಕ್ಕುದಾರರಾಗುವುದಿಲ್ಲ. ದಾವೆ ಹೂಡಿದವನನ್ನು ಶರೀಅತ್‌ನಲ್ಲಿ 'ಮುದ್ದಈ' ಎನ್ನುತ್ತಾರೆ. ಪುರಾವೆ ಕೊಡುವ ಹೊಣೆ ಅವನದ್ದೇ.

ಈಗ ನಮ್ಮ ಮನೆಗಳನ್ನು ನೋಡೋಣ. ಬಾಪ ತೀರಿಹೋದ ಮೇಲೆ ಮಗಳು ಪಾಲು ಕೇಳಿದರೆ, 'ಆಸ್ತಿಗಾಗಿ ತವರನ್ನೇ ಬಿಟ್ಟಳು' ಅಂತ ಮಾತು ಶುರುವಾಗುತ್ತದೆ. ಮದುವೆಗೆ ಚಿನ್ನ ಕೊಟ್ಟಿದ್ದೇವಲ್ಲ ಎಂದು ಅಣ್ಣತಮ್ಮಂದಿರು ಬಾಯಿ ಮುಚ್ಚಿಸುತ್ತಾರೆ. ಆದರೆ ಆಕೆಗೆ ಬೇರೆ ಪುರಾವೆ ಬೇಕೇ? ಸೂರಃ ಅನ್ನಿಸಾದ 7ನೇ ಆಯತ್‌ನಲ್ಲಿ, ಆಸ್ತಿ ಕಡಿಮೆಯಿರಲಿ ಹೆಚ್ಚಿರಲಿ, ಹೆಣ್ಣಿಗೂ ಪಾಲು ನಿಗದಿಯಾಗಿದೆ. 11ನೇ ಆಯತ್ ಅದರ ಲೆಕ್ಕವನ್ನೂ ಹೇಳಿದೆ. ಮದುವೆಯ ಚಿನ್ನ ಬಾಪ ಬದುಕಿದ್ದಾಗ ಕೊಟ್ಟ ಉಡುಗೊರೆ, ಅದು ಮೀರಾಸ್ ಅಲ್ಲ.

ಹಾಗಾಗಿ ಆಕೆ ಜಗಳಗಂಟಿಯಲ್ಲ, ಸಾಹಿಬುಲ್ ಹಕ್ಕ್. ಸಾಲ, ವಸಿಯ್ಯತ್ ತೀರಿಸಿ ಪಾಲು ಮಾಡಲು ಕೂರುವ ದಿನ ತಂಗಿಯನ್ನೂ ಕರೆಯಿರಿ. ಅವಳು ಬಾಯಿ ಬಿಟ್ಟು ಕೇಳುವ ತನಕ ಕಾಯಬೇಡಿ.