ನೀರಿನ ಬ್ಯಾಟರಿಯೂ ಪೇಟೆಂಟಿನ ಒರೆಗಲ್ಲೂ

ಬೇರೆ ಬೇರೆ ಲೋಹಗಳ ಎರಡು ಫಲಕಗಳನ್ನು ಉಪ್ಪುನೀರಿನಲ್ಲಿ ನಿಲ್ಲಿಸಿ ತಂತಿಯಿಂದ ಕೂಡಿಸಿದರೆ, ಆ ತಂತಿಯಲ್ಲಿ ವಿದ್ಯುತ್ತು ಹರಿಯುವುದೆಂಬುದು ವಿದ್ಯಾರ್ಥಿಗಳೆಲ್ಲರಿಗೂ ತಿಳಿದ ಸಂಗತಿ. ಇಟಲಿಯ ವೋಲ್ಟಾ ಇದನ್ನು 1800ರಲ್ಲಿ ಲೋಕಕ್ಕೆ ಸಾರಿದ ಮೇಲೆ ಹುಟ್ಟಿದ ವಿದ್ಯುತ್ಕೋಶಗಳಿಗೆ ಲೆಕ್ಕವಿಲ್ಲ. ಸತು, ತಾಮ್ರ, ಸೀಸ, ಬೆಳ್ಳಿ, ಇಂಗಾಲ, ನಾನಾ ಆಮ್ಲಗಳು, ನಾನಾ ಲವಣಗಳು—ಇವುಗಳನ್ನು ಒಂದರೊಡನೆ ಒಂದನ್ನು ಜೋಡಿಸಿ ನೋಡದ ಪ್ರಯೋಗಶಾಲೆಯೇ ಇರಲಿಲ್ಲವೆನ್ನಬೇಕು. ಹೀಗಿರಲು, ನೂರಾ ನಲವತ್ತು ವರ್ಷಗಳು ಕಳೆದ ಮೇಲೆ ಒಬ್ಬನು ಬಂದು, "ನಾನೊಂದು ಹೊಸ ಬ್ಯಾಟರಿಯನ್ನು ಕಂಡುಹಿಡಿದಿದ್ದೇನೆ" ಎಂದರೆ ಅದು ನಿಜವಾಗಿಯೂ ಹೊಸತೆಂದು ನಿರ್ಣಯಿಸುವವರು ಯಾರು? ಯಾವ ಒರೆಗಲ್ಲಿನಿಂದ? ಈ ಪ್ರಶ್ನೆಯು ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದ ಒಂದು ಪ್ರಸಂಗವನ್ನು ನಾವು ಇಲ್ಲಿ ಪರಿಶೀಲಿಸೋಣ.

ಪರೀಕ್ಷಕನ ಕೆಲಸ

ಪೇಟೆಂಟ್ ಎಂಬುದು ಸರ್ಕಾರಕ್ಕೂ ಉಪಜ್ಞಕನಿಗೂ ನಡುವೆ ನಡೆಯುವ ಒಂದು ಒಪ್ಪಂದ. ಉಪಜ್ಞಕನು ತನ್ನ ಉಪಜ್ಞೆಯ ಗುಟ್ಟನ್ನೆಲ್ಲ ಬಿಚ್ಚಿ ಬರೆದುಕೊಡಬೇಕು. ಅದಕ್ಕೆ ಪ್ರತಿಯಾಗಿ, ನಿಯತವಾದ ಕೆಲವು ವರ್ಷಗಳವರೆಗೆ ಆ ಉಪಜ್ಞೆಯನ್ನು ಬೇರೆಯವರು ಅವನ ಅನುಮತಿಯಿಲ್ಲದೆ ಬಳಸದಂತೆ ಸರ್ಕಾರವು ತಡೆಯುತ್ತದೆ. ಅವಧಿ ಮುಗಿದೊಡನೆ ಗುಟ್ಟು ಸಮಸ್ತರ ಸೊತ್ತಾಗುತ್ತದೆ.

ಅರ್ಜಿ ಬಂದಾಗ ಪೇಟೆಂಟ್ ಕಚೇರಿಯ ಪರೀಕ್ಷಕನು ಮುಖ್ಯವಾಗಿ ಮೂರು ಪ್ರಶ್ನೆಗಳನ್ನು ಕೇಳುತ್ತಾನೆ. ಇದು ಹೊಸದೆ? ಇದರಿಂದ ಉಪಯೋಗವುಂಟೆ? ಆ ಕಸುಬಿನಲ್ಲಿ ನುರಿತವನಿಗೆ ಇದು ಸಹಜವಾಗಿಯೇ ಹೊಳೆಯುತ್ತಿರಲಿಲ್ಲವೆ? ಮೊದಲನೆಯದಕ್ಕೆ ಹಳೆಯ ಪೇಟೆಂಟುಗಳನ್ನೂ ಗ್ರಂಥಗಳನ್ನೂ ಜಾಲಾಡಿದರೆ ಉತ್ತರ ಸಿಕ್ಕೀತು. ಎರಡನೆಯದಕ್ಕೆ ಪ್ರಯೋಗವೇ ಉತ್ತರ. ಕಠಿನವಾದದ್ದು ಮೂರನೆಯದು. ಹಳೆಯ ಉಪಕರಣದಲ್ಲಿ ಒಂದು ಪದಾರ್ಥವನ್ನು ತೆಗೆದು ಮತ್ತೊಂದನ್ನು ಇಟ್ಟ ಮಾತ್ರಕ್ಕೆ ಅದು ಉಪಜ್ಞೆಯಾಗಲಾರದು. ಲೋಹದ ಅಥವಾ ಮರದ ಬಾಗಿಲ ಹಿಡಿಯ ಬದಲಿಗೆ ಜೇಡಿಮಣ್ಣಿನ ಅಥವಾ ಪಿಂಗಾಣಿಯ ಹಿಡಿಯನ್ನು ಮಾಡಿ ಪೇಟೆಂಟ್ ಪಡೆದಿದ್ದವರಿಗೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1851ರಲ್ಲಿಯೇ, ಇದು ಕುಶಲ ಕೆಲಸಗಾರನ ಕೈಚಳಕವೇ ಹೊರತು ಉಪಜ್ಞಕನ ಸೃಷ್ಟಿಯಲ್ಲ ಎಂದು ಹೇಳಿತ್ತು.

ಇಲ್ಲಿ ತಪ್ಪಿದರೆ ಎರಡು ಕಡೆಯೂ ಅನ್ಯಾಯ. ಅನರ್ಹವಾದುದಕ್ಕೆ ಪೇಟೆಂಟ್ ಕೊಟ್ಟರೆ, ಎಲ್ಲರಿಗೂ ಸೇರಿದ ಜ್ಞಾನಕ್ಕೆ ಒಬ್ಬನು ಬೇಲಿ ಹಾಕಿದಂತಾಗುತ್ತದೆ. ಅರ್ಹವಾದುದನ್ನು ನಿರಾಕರಿಸಿದರೆ, ವರ್ಷಗಟ್ಟಲೆ ದುಡಿದವನ ಫಲವನ್ನು ಬೇರೆಯವರು ಉಣ್ಣುತ್ತಾರೆ.

ಆಡಮ್ಸನ ಕೋಶ

1941ರ ಡಿಸೆಂಬರಿನಲ್ಲಿ ಬರ್ಟ್ ಆಡಮ್ಸ್ ಎಂಬ ಅಮೆರಿಕನನು ಒಂದು ಬ್ಯಾಟರಿಗೆ ಪೇಟೆಂಟ್ ಕೋರಿ ಅರ್ಜಿ ಹಾಕಿದನು. ಅದರ ರಚನೆ ಬಹು ಸರಳ. ಋಣಾಗ್ರವು ಮೆಗ್ನೀಸಿಯಂ ಲೋಹ. ಧನಾಗ್ರವು ಕರಗಿಸಿ ಗಟ್ಟಿಗೊಳಿಸಿದ ಕ್ಯೂಪ್ರಸ್ ಕ್ಲೋರೈಡು. ಆಮ್ಲವಿಲ್ಲ, ಕ್ಷಾರವಿಲ್ಲ. ಒಣಗಿದ ಸ್ಥಿತಿಯಲ್ಲಿ ಎಷ್ಟು ಕಾಲವಾದರೂ ಅದನ್ನು ಶೇಖರಿಸಿಡಬಹುದು. ಬೇಕಾದಾಗ ಸಾದಾ ನೀರನ್ನೋ ಉಪ್ಪುನೀರನ್ನೋ ಎರೆದರಾಯಿತು. ಅರ್ಧ ಗಂಟೆಯೊಳಗಾಗಿ ಕೋಶಕ್ಕೆ ಜೀವ ಬರುತ್ತದೆ. ಗಾತ್ರಕ್ಕೂ ತೂಕಕ್ಕೂ ಹೋಲಿಸಿದರೆ ಅದು ಕೊಡುವ ವಿದ್ಯುತ್ತು ಹೇರಳ. ಪ್ರವಾಹವನ್ನು ಹೆಚ್ಚಾಗಿ ಸೆಳೆದರೂ ಕಡಮೆಯಾಗಿ ಸೆಳೆದರೂ ವೋಲ್ಟೇಜು ಹೆಚ್ಚು ಕಡಮೆ ಒಂದೇ ಸಮನಾಗಿರುತ್ತದೆ.

ದೋಷವೂ ಇತ್ತು. ಒಮ್ಮೆ ನೀರೆರೆದ ಮೇಲೆ ಕೋಶವನ್ನು ನಿಲ್ಲಿಸುವಂತಿಲ್ಲ. ಪ್ರವಾಹವನ್ನು ಸೆಳೆಯದಿದ್ದರೂ ಒಳಗಿನ ರಾಸಾಯನಿಕ ಕ್ರಿಯೆ ಮುಂದುವರಿದು, ಕೋಶವು ಬಿಸಿಯಾಗುತ್ತದೆ. ಆದರೆ ಈ ದೋಷವೇ ಒಂದು ಗುಣವಾಗಿಯೂ ಪರಿಣಮಿಸಿತು. ತನ್ನ ಶಾಖದಿಂದ ತಾನೇ ಬೆಚ್ಚಗಿರುವ ಈ ಬ್ಯಾಟರಿಯು ಶೂನ್ಯಕ್ಕಿಂತ 54 ಸೆಂಟಿಗ್ರೇಡ್ ಡಿಗ್ರಿ ಕೆಳಗಿನ ಚಳಿಯಲ್ಲಿಯೂ 93 ಡಿಗ್ರಿಗಳ ಬಿಸಿಯಲ್ಲಿಯೂ ಕೆಲಸ ಮಾಡಬಲ್ಲುದಾಗಿತ್ತು. ಮೇಲಿನ ವಾಯುಮಂಡಲದ ಸ್ಥಿತಿಯನ್ನರಿಯಲು ಬಲೂನುಗಳಲ್ಲಿ ಕಳುಹಿಸುವ ಹವಾಮಾನ ರೇಡಿಯೋ ಉಪಕರಣಗಳಿಗೆ ಇಂಥ ಬ್ಯಾಟರಿಯು ಹೇಳಿ ಮಾಡಿಸಿದಂತಿತ್ತು. ಹಗುರ; ಚಳಿಗೆ ಜಗ್ಗುವುದಿಲ್ಲ; ಬಲೂನು ಒಡೆದ ಮೇಲೆ ಅದು ಉರಿದುಹೋದರೂ ನಷ್ಟವಿಲ್ಲ.

ಪಂಡಿತರ ಸಂಶಯ

ಅರ್ಜಿ ಸಲ್ಲಿಸಿದ ಒಂದು ತಿಂಗಳೊಳಗಾಗಿ ಆಡಮ್ಸನು ತನ್ನ ಬ್ಯಾಟರಿಯ ಸಂಗತಿಯನ್ನು ಅಮೆರಿಕದ ಭೂಸೇನೆಗೂ ನೌಕಾಸೇನೆಗೂ ತಿಳಿಸಿದನು. ಅದು ಮಹಾಯುದ್ಧದ ಕಾಲ. ಸೇನೆಯ ಸಂಕೇತ ದಳದ ವಿಜ್ಞಾನಿಗಳು ಪ್ರದರ್ಶನವನ್ನು ನೋಡಿದರು, ತಾವೂ ಪರೀಕ್ಷಿಸಿದರು. ಆದರೆ ಇದು ಕೆಲಸಕ್ಕೆ ಬರುವ ವಸ್ತುವೆಂದು ನಂಬಲಿಲ್ಲ. 1942ರ ಡಿಸೆಂಬರಿನಲ್ಲಿ, ರಾಷ್ಟ್ರೀಯ ಮಾನಕ ಸಂಸ್ಥೆಯ ಬ್ಯಾಟರಿ ತಜ್ಞರಾದ ಡಾ. ಜಾರ್ಜ್ ವೈನಲ್ ಅವರೂ ಆಡಮ್ಸನು ಕೊಟ್ಟ ಅಂಕಿಗಳು ತಮಗೆ ಒಪ್ಪಿಗೆಯಾಗಲಿಲ್ಲವೆಂದೂ, ಹೆಚ್ಚಿನ ಆಧಾರ ಬರುವವರೆಗೆ ವಿಷಯವನ್ನು ಮುಂದುವರಿಸಬೇಕಾಗಿಲ್ಲವೆಂದೂ ಅಭಿಪ್ರಾಯಪಟ್ಟರು.

ಪೇಟೆಂಟ್ ಕಚೇರಿಯ ಎಣಿಕೆ ಬೇರೆಯಾಗಿತ್ತು. ಒಂದೂವರೆ ಶತಮಾನದ ಬ್ಯಾಟರಿ ಸಾಹಿತ್ಯದಲ್ಲಿ ಆಡಮ್ಸನ ಅರ್ಜಿಗೆ ಎದುರಾಗಿ ಹೇಳಬಹುದಾದ ಒಂದೇ ಒಂದು ಆಧಾರವೂ ಅದಕ್ಕೆ ಕಾಣಲಿಲ್ಲ. 1943ರ ಜೂನಿನಲ್ಲಿ ಪೇಟೆಂಟ್ ದೊರೆಯಿತು.

ಅದೇ ವರ್ಷದ ನವೆಂಬರಿನಲ್ಲಿ ಸಂಕೇತ ದಳದ ಮನಸ್ಸು ಬದಲಾಯಿತು. ಬ್ಯಾಟರಿಯು ಉಪಯುಕ್ತವೆಂದು ನಿರ್ಣಯಿಸಿ, ಹಲವು ಕಂಪನಿಗಳಿಂದ ಅದನ್ನು ಮಾಡಿಸಿಕೊಳ್ಳಲು ಸರ್ಕಾರವು ಗುತ್ತಿಗೆ ಕೊಟ್ಟಿತು. ಆದರೆ ಈ ಸಂಗತಿಯನ್ನು ಆಡಮ್ಸನಿಗೆ ಯಾರೂ ತಿಳಿಸಲಿಲ್ಲ. ಅವನು ಮತ್ತೆ ಮತ್ತೆ ವಿಚಾರಿಸಿದರೂ ಉತ್ತರ ಬರಲಿಲ್ಲ. ಸರ್ಕಾರಕ್ಕಾಗಿ ತಯಾರಾದ ಒಂದು ಬ್ಯಾಟರಿಯನ್ನು 1955ರಲ್ಲಿ ಪರೀಕ್ಷಿಸಿ ನೋಡಿದಾಗಲೇ ಅದು ತನ್ನದೆಂದು ಅವನು ಅರಿತನು. ಪರಿಹಾರವನ್ನು ಕೇಳಿದನು. 1960ರಲ್ಲಿ ಕೋರಿಕೆ ತಿರಸ್ಕೃತವಾಯಿತು. ಆಗ ಅವನು ನ್ಯಾಯಾಲಯದ ಮೆಟ್ಟಿಲೇರಿದನು.

ಹಳೆಯ ಗ್ರಂಥಗಳ ಸಾಕ್ಷ್ಯ

ಸರ್ಕಾರದ ವಾದವು ಮೇಲುನೋಟಕ್ಕೆ ಬಲವಾಗಿಯೇ ಇತ್ತು. ಸತು ಮತ್ತು ಬೆಳ್ಳಿಯ ಕ್ಲೋರೈಡುಗಳಿಂದಾದ ಕೋಶವನ್ನು ಮಾರಿಯೇ ಡೇವಿ ಎಂಬಾತನು 1860ರಲ್ಲಿಯೇ ಮಾಡಿದ್ದನು. 1880ರ ಗ್ರಂಥವೊಂದರಲ್ಲಿ ಅದರ ವರ್ಣನೆಯುಂಟು. ಸತುವಿನ ಬದಲಿಗೆ ಮೆಗ್ನೀಸಿಯಂ ಬಳಸುವ ವಿಚಾರವು 1928ರ ವುಡ್ ಎಂಬಾತನ ಪೇಟೆಂಟಿನಲ್ಲಿಯೂ 1929ರ ಕಾಡ್ ಎಂಬಾತನ ಗ್ರಂಥದಲ್ಲಿಯೂ ಬಂದಿತ್ತು. ಕ್ಯೂಪ್ರಸ್ ಕ್ಲೋರೈಡಿನ ಉಪಯೋಗವು ವೆನ್ಸ್ಕಿಯ 1891ರ ಬ್ರಿಟಿಷ್ ಪೇಟೆಂಟಿನಲ್ಲಿತ್ತು. ಸ್ಕ್ರಿವಾನಾಫ್ ಎಂಬುವನು 1880ರಲ್ಲಿಯೇ ಮೆಗ್ನೀಸಿಯಂ ಋಣಾಗ್ರವನ್ನು ಸೂಚಿಸಿ, ಅದರೆದುರಿಗೆ ತಾಮ್ರದ ಅಥವಾ ಇಂಗಾಲದ ಫಲಕದ ಮೇಲೆ ಕ್ಯೂಪ್ರಸ್ ಕ್ಲೋರೈಡು, ರಂಜಕ ಮೊದಲಾದುವುಗಳ ಲೇಪವನ್ನು ಬಳಿಯಲು ಹೇಳಿದ್ದನು. ಹಾಗಾದರೆ ಆಡಮ್ಸನು ಮಾಡಿದ್ದೇನು? ಸತುವನ್ನು ತೆಗೆದು ಮೆಗ್ನೀಸಿಯಂ ಇಟ್ಟನು. ಬೆಳ್ಳಿಯ ಕ್ಲೋರೈಡನ್ನು ತೆಗೆದು ತಾಮ್ರದ ಕ್ಲೋರೈಡನ್ನು ಇಟ್ಟನು. ಬಾಗಿಲ ಹಿಡಿಯ ಕಥೆಯೇ ಇದೂ ಅಲ್ಲವೆ?

ಆದರೆ ಈ ಹಳೆಯ ಬರಹಗಳನ್ನು ಕಡೆಯವರೆಗೆ ಓದಬೇಕು. ವುಡ್‌ನ ಪೇಟೆಂಟಿನಲ್ಲಿಯೇ, ಮೆಗ್ನೀಸಿಯಂ ಕೋಶವನ್ನು ಮಾಡುವ ಹಿಂದಿನ ಪ್ರಯತ್ನಗಳೆಲ್ಲ ವಿಫಲವಾಗಿವೆಯೆಂದೂ, ಆ ಲೋಹವನ್ನು ವ್ಯಾಪಾರಯೋಗ್ಯವಾದ ಕೋಶದಲ್ಲಿ ಬಳಸಲಾಗದೆಂಬುದೇ ಸಾಮಾನ್ಯ ನಂಬಿಕೆಯೆಂದೂ ಬರೆದಿದೆ. ವೆನ್ಸ್ಕಿಯ ಕೋಶದ ಲೋಹಗಳು ಸತುವೂ ತಾಮ್ರವೂ. ಅಲ್ಲಿ ಕ್ಯೂಪ್ರಸ್ ಕ್ಲೋರೈಡು ಧನಾಗ್ರವೇ ಅಲ್ಲ, ದ್ರವಕ್ಕೆ ಸೇರಿಸುವ ಲವಣ ಮಾತ್ರ. ಸ್ಕ್ರಿವಾನಾಫನ ಲೇಪವನ್ನು ಬಿಸಿ ಗಂಧಕಾಮ್ಲದೊಡನೆ ಕಲಸಬೇಕಾಗಿತ್ತು. ಅವನ ಮೆಗ್ನೀಸಿಯಂ ಕೆಲಸ ಮಾಡಲು ಪ್ರಬಲವಾದ ರಾಸಾಯನಿಕ ದ್ರಾವಣಗಳು ಬೇಕಾಗಿದ್ದುವು. ಸಾದಾ ನೀರಿಗೂ ಅದಕ್ಕೂ ಏನು ಸಂಬಂಧ?

ತೆಳುಪೊರೆಯ ಮಹಿಮೆ

ಮೆಗ್ನೀಸಿಯಮ್ಮನ್ನು ಪಂಡಿತರು ಏಕೆ ದೂರವಿಟ್ಟಿದ್ದರೆಂಬುದನ್ನು ಭೌತವಿಜ್ಞಾನದ ದೃಷ್ಟಿಯಿಂದ ನೋಡೋಣ. ಜಲಜನಕವನ್ನು ಶೂನ್ಯವೆಂದಿಟ್ಟುಕೊಂಡರೆ ಸತುವಿನ ಪ್ರಮಾಣ ವಿಭವವು ಋಣ 0.76 ವೋಲ್ಟ್, ಮೆಗ್ನೀಸಿಯಮ್ಮಿನದು ಋಣ 2.37 ವೋಲ್ಟ್. ಕ್ಯೂಪ್ರಸ್ ಕ್ಲೋರೈಡಿನ ಅಗ್ರವು ಧನ 0.14 ವೋಲ್ಟಿನಷ್ಟಿರುವುದರಿಂದ, ಮೆಗ್ನೀಸಿಯಂ ಕೋಶದಿಂದ ಎರಡೂವರೆ ವೋಲ್ಟುಗಳು ದೊರೆಯಬೇಕೆಂದು ಲೆಕ್ಕ. ಕಾಗದದ ಮೇಲೆ ಇದು ಬಹು ಆಕರ್ಷಕ.

ವಾಸ್ತವದಲ್ಲಿ ಇಷ್ಟು ಚುರುಕಾದ ಲೋಹವು ಸುಮ್ಮನಿರುವುದಿಲ್ಲ. ಆಮ್ಲದಲ್ಲಿಟ್ಟರೆ ಜಲಜನಕವನ್ನು ಬುಸುಗುಟ್ಟಿಸುತ್ತ ವ್ಯರ್ಥವಾಗಿ ಕರಗಿಹೋಗುತ್ತದೆ. ಸಾದಾ ನೀರಿನಲ್ಲಿಟ್ಟರೆ ಅದರ ಮೈಮೇಲೆ ಮೆಗ್ನೀಸಿಯಂ ಹೈಡ್ರಾಕ್ಸೈಡಿನ ತೆಳುಪೊರೆಯೊಂದು ಕಟ್ಟಿಕೊಂಡು, ನೀರಿಗೂ ಲೋಹಕ್ಕೂ ನಡುವೆ ತೆರೆಯಂತೆ ನಿಂತುಬಿಡುತ್ತದೆ. ಒಂದು ಕಡೆ ಅತಿಯಾದ ಕ್ರಿಯೆ. ಇನ್ನೊಂದು ಕಡೆ ಕ್ರಿಯೆಯೇ ಇಲ್ಲ. ಈ ಪೊರೆ ಮತ್ತು ವ್ಯರ್ಥಕ್ರಿಯೆಗಳ ದೆಸೆಯಿಂದಲೇ ನಿಜವಾದ ಕೋಶದಲ್ಲಿ ಎರಡೂವರೆಯ ಬದಲು ಸುಮಾರು ಒಂದೂವರೆ ವೋಲ್ಟ್ ಮಾತ್ರ ಸಿಕ್ಕುತ್ತದೆ.

ಆಡಮ್ಸನ ಜೋಡಣೆಯಲ್ಲಿ ಎರಡು ಅಗ್ರಗಳೂ ಪರಸ್ಪರ ನೆರವಾಗುತ್ತವೆ. ಮೆಗ್ನೀಸಿಯಂ ಕರಗಿ, ಕ್ಯೂಪ್ರಸ್ ಕ್ಲೋರೈಡಿನ ಕ್ಲೋರಿನ್ ಅಯಾನುಗಳೊಡನೆ ಸೇರಿ ಮೆಗ್ನೀಸಿಯಂ ಕ್ಲೋರೈಡಾಗುತ್ತದೆ. ಇತ್ತ ಧನಾಗ್ರದಲ್ಲಿ ಶುದ್ಧ ತಾಮ್ರ ಉಳಿಯುತ್ತದೆ. ಈ ಮೆಗ್ನೀಸಿಯಂ ಕ್ಲೋರೈಡು ನೀರಿನಲ್ಲಿ ಕರಗುವ ಲವಣ. ಆದುದರಿಂದ ಸಾದಾ ನೀರು ತಾನಾಗಿಯೇ ಉಪ್ಪುನೀರಾಗಿ ವಿದ್ಯುತ್ತನ್ನು ಸಾಗಿಸತೊಡಗುತ್ತದೆ. ಅಷ್ಟೇ ಅಲ್ಲ, ಕ್ಲೋರಿನ್ ಅಯಾನುಗಳು ಆ ತೆಳುಪೊರೆಯನ್ನು ಅಲ್ಲಲ್ಲಿ ಭೇದಿಸಿ ಹೊಸ ಲೋಹವನ್ನು ತೆರೆದಿಡುತ್ತವೆ. ಧನಾಗ್ರದ ಪದಾರ್ಥವು ಘನರೂಪದ್ದಾದುದರಿಂದ, ಅದರ ಮೊತ್ತವು ಕಡಮೆಯಾಗುತ್ತ ಬಂದರೂ ವಿಭವವು ಇಳಿಯುವುದಿಲ್ಲ. ಅದರಿಂದುಂಟಾದ ತಾಮ್ರವು ಒಳ್ಳೆಯ ವಾಹಕವಾದುದರಿಂದ ಒಳತಡೆಯೂ ಏರುವುದಿಲ್ಲ. ವೋಲ್ಟೇಜು ಸ್ಥಿರವಾಗಿರಲು ಇವು ಕಾರಣಗಳು. ಬಿಡಿಬಿಡಿಯಾಗಿ ನೋಡಿದಾಗ ಮೆಗ್ನೀಸಿಯಮ್ಮಿನಲ್ಲಾಗಲಿ ಕ್ಯೂಪ್ರಸ್ ಕ್ಲೋರೈಡಿನಲ್ಲಾಗಲಿ ಕಾಣದ ಗುಣವು ಅವೆರಡರ ಕೂಟದಲ್ಲಿ ಕಂಡಿತು.

ತೀರ್ಪು

ಸರ್ವೋಚ್ಚ ನ್ಯಾಯಾಲಯದಲ್ಲಿ ವಾದ ನಡೆದಾಗ ಆಡಮ್ಸನ ವಕೀಲರು ತಮ್ಮ ಮುಂದಿದ್ದ ಲೋಟದಿಂದ ಒಂದು ಗುಟುಕು ನೀರು ಕುಡಿದು, ಉಳಿದ ನೀರಿಗೆ ಪುಟ್ಟ ಬ್ಯಾಟರಿಯೊಂದನ್ನು ಹಾಕಿದರೆಂದೂ, ಅದಕ್ಕೆ ಕೂಡಿಸಿದ್ದ ಸಣ್ಣ ದೀಪವು ಹೊತ್ತಿಕೊಂಡಾಗ ನ್ಯಾಯಾಧೀಶರ ಕಣ್ಣೆಲ್ಲ ಅದರ ಮೇಲೆಯೇ ನೆಟ್ಟಿತೆಂದೂ ವಕೀಲರ ವಲಯದಲ್ಲಿ ಒಂದು ಕಥೆ ಪ್ರಚಲಿತವಾಗಿದೆ. ಕಥೆ ಹೇಗೇ ಇರಲಿ, ತೀರ್ಪು ನಿಂತದ್ದು ದೀಪದ ಮೇಲಲ್ಲ, ತರ್ಕದ ಮೇಲೆ.

1966ರ ಫೆಬ್ರವರಿ 21ರಂದು ನ್ಯಾಯಾಧೀಶ ಟಾಮ್ ಕ್ಲಾರ್ಕ್ ಬರೆದ ತೀರ್ಪು ಆಡಮ್ಸನ ಪೇಟೆಂಟನ್ನು ಎತ್ತಿಹಿಡಿಯಿತು. ಅದರ ಸಾರಾಂಶವಿಷ್ಟು: ಬಿಡಿಭಾಗಗಳು ಹಿಂದೆಯೇ ತಿಳಿದಿದ್ದುವು, ನಿಜ. ಆದರೆ ತೆರೆದ ಮಂಡಲದಲ್ಲಿಯೂ ಕ್ರಿಯೆ ನಡೆಸುತ್ತ ಬಿಸಿಯಾಗುವ ಬ್ಯಾಟರಿಗಳು ನಿರುಪಯೋಗಿಗಳೆಂಬುದು ಅಂದಿನ ತಿಳಿವಳಿಕೆ. ನೀರಿನಿಂದ ನಡೆಯುವ ಕೋಶಗಳಿಗೆ ಬೇಕಾದ ದ್ರವಗಳು ಮೆಗ್ನೀಸಿಯಮ್ಮಿಗೆ ಮಾರಕವೆಂಬುದೂ ಅಂದಿನ ತಿಳಿವಳಿಕೆಯೇ. ಈ ಎರಡು ಎಚ್ಚರಿಕೆಗಳನ್ನೂ ಬದಿಗಿಟ್ಟು ನಡೆಯುವುದು ನುರಿತ ಕಸುಬುದಾರನಿಗೆ ಸಹಜವಾಗಿ ಹೊಳೆಯತಕ್ಕ ಮಾರ್ಗವಲ್ಲ. ದೊರೆತ ಫಲವೂ ಯಾರೂ ನಿರೀಕ್ಷಿಸದಂಥದು. ಮೇಲಾಗಿ, ತಜ್ಞರೇ ಮೊದಲು ನಂಬದೆ, ಅನಂತರ ಅವರಲ್ಲಿಯೇ ಕೆಲವರು ಇದೇ ಬಗೆಯ ಬ್ಯಾಟರಿಯ ಸುಧಾರಣೆಗಳಿಗೆ ಪೇಟೆಂಟ್ ಪಡೆದಿದ್ದರು. ಅಂದು ಅಸಾಧ್ಯವೆಂದು ತಳ್ಳಿಹಾಕಿದ್ದನ್ನು ಇಂದು ಸುಲಭವೆಂದು ಹೇಳಲು ಬರುವುದಿಲ್ಲ. ಪೇಟೆಂಟಿನ ಹದಿನೇಳು ವರ್ಷಗಳ ಅವಧಿಯು ಆ ವೇಳೆಗೆ ಮುಗಿದೇ ಹೋಗಿತ್ತು. ಆದರೆ ಹಿಂದಿನ ಬಳಕೆಗಾಗಿ ಪರಿಹಾರ ಕೇಳುವ ಹಕ್ಕು ಉಳಿಯಿತು.

ನಮ್ಮ ದೇಶದಲ್ಲಿ

ಭಾರತದ ಪೇಟೆಂಟ್ ಅಧಿನಿಯಮವು 1970ರದು. 2002ರಲ್ಲಿ ಅದಕ್ಕೆ ಮಾಡಿದ ತಿದ್ದುಪಡಿಯಲ್ಲಿ, ಉಪಜ್ಞೆಯು ಆ ವಿಷಯದಲ್ಲಿ ನುರಿತವನಿಗೆ ಸಹಜವಾಗಿ ಹೊಳೆಯುವಂಥದಾಗಿರಬಾರದೆಂಬ ನಿಯಮವನ್ನು ಸ್ಪಷ್ಟವಾಗಿ ನಿರೂಪಿಸಿದೆ. ಘಟಕಗಳ ಗುಣಗಳನ್ನು ಒಟ್ಟುಗೂಡಿಸಿದಷ್ಟೇ ಫಲವನ್ನು ಕೊಡುವ ಬರಿಯ ಮಿಶ್ರಣವು ಉಪಜ್ಞೆಯಲ್ಲವೆಂದು ಅಧಿನಿಯಮದ ಮೂರನೆಯ ಪ್ರಕರಣವು ಸಾರುತ್ತದೆ. ಆಡಮ್ಸನ ಕೋಶದ ಪಾಠವೂ ಇದೇ: ಕೂಡಿಸಿದರೆ ಮೊತ್ತ ಮಾತ್ರ ಬಂದರೆ ಸಾಲದು, ಮೊತ್ತವನ್ನು ಮೀರಿದ್ದೇನಾದರೂ ಬರಬೇಕು. ಕರ್ಣಾಟಕದ ಅರ್ಜಿದಾರರ ಅರ್ಜಿಗಳು ಚೆನ್ನೈಯ ಪೇಟೆಂಟ್ ಕಚೇರಿಗೆ ಸೇರುತ್ತವೆ.

ಇಂದಿನ ಲಿಥಿಯಂ ಬ್ಯಾಟರಿಗಳ ವಿಷಯದಲ್ಲಿ ಈ ಒರೆಗಲ್ಲಿಗೆ ಬಿಡುವೇ ಇಲ್ಲ. ಕೂದಲೆಳೆಗಿಂತ ತೆಳುವಾದ ತಾಮ್ರದ ಹಾಗೂ ಅಲ್ಯೂಮಿನಿಯಮ್ಮಿನ ಹಾಳೆಗಳ ಮೇಲೆ ಕ್ರಿಯಾಶೀಲ ಪದಾರ್ಥದ ಲೇಪವನ್ನು ಬಳಿದು ಅವುಗಳ ಅಗ್ರಗಳನ್ನು ಮಾಡುತ್ತಾರೆ. ಬಳಸತೊಡಗಿದೊಡನೆ ಋಣಾಗ್ರದ ಮೇಲೆ ಮತ್ತೊಂದು ಅತಿಸೂಕ್ಷ್ಮವಾದ ಪೊರೆ ತಾನಾಗಿ ಬೆಳೆಯುತ್ತದೆ. ಕೋಶದ ಆಯುಸ್ಸು ಬಹುಮಟ್ಟಿಗೆ ಅದರ ಕೈಯಲ್ಲಿದೆ. ಲೇಪದ ದಪ್ಪವನ್ನು ಕೊಂಚ ಬದಲಿಸಿ ನಿರೀಕ್ಷಿಸಿದಷ್ಟೇ ಫಲ ಪಡೆದವನಿಗೂ, ಆ ಬದಲಾವಣೆಯಿಂದ ಪೊರೆಯ ಸ್ವಭಾವವನ್ನೇ ತಿದ್ದಿ ಯಾರೂ ಎಣಿಸದ ಫಲ ಪಡೆದವನಿಗೂ ಪರೀಕ್ಷಕನು ಭೇದವನ್ನೆಣಿಸಬೇಕು. ಆ ಭೇದವನ್ನು ತೋರಿಸಿಕೊಡುವುದು ಮಾತಲ್ಲ, ಅಳತೆ.

ಆದುದರಿಂದ ಪ್ರಯೋಗಶಾಲೆಯಲ್ಲಿ ದುಡಿಯುವ ವಿದ್ಯಾರ್ಥಿಯು ಎರಡು ಅಭ್ಯಾಸಗಳನ್ನು ಬೆಳೆಸಿಕೊಳ್ಳುವುದು ಲೇಸು. ಹಿಂದಿನವರು ಬರೆದುದನ್ನು ಕಡೆಯವರೆಗೆ ಓದಬೇಕು. ತಾನು ಕಂಡುದನ್ನು ಅಂಕಿಗಳಲ್ಲಿ, ದಿನಾಂಕದೊಡನೆ ಬರೆದಿಡಬೇಕು. ಪಂಡಿತರ ಸಂಶಯವು ವಿಜ್ಞಾನಕ್ಕೆ ಅವಶ್ಯಕವೇ ಸರಿ. ಆದರೆ ಆ ಸಂಶಯಕ್ಕೆ ಕಡೆಯ ಉತ್ತರವನ್ನು ಕೊಡುವುದು ಫಲಕ, ಲವಣ ಮತ್ತು ನೀರು.